ನೆಗೆಣ್ಣಿಯ ಕೈಗವಸು

ಸಿಂಧನೂರು–ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಅನುಪಮಾಳ ದನಿ ಆ ಹಾದಿಗೆಲ್ಲ ಪರಿಚಿತ. ಮುದುಕಿಯರು ಇಳಿಯುವ ಮೊದಲೇ ಬಸ್ಸು ಅಲ್ಲಾಡಿದರೆ ಡ್ರೈವರ್ ದಾವಲ್‌ಸಾಬರನ್ನೂ ಬಿಡದೆ ಗದರುವ ಹೆಣ್ಣು. ಹುಟ್ಟಿದ್ದು ಮಸ್ಕಿಯಲ್ಲಿ, ಗುಡ್ಡದ ಬುಡದ ಓಣಿಯಲ್ಲಿ. ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಆ ಹುಡುಗಿ ಗುಡ್ಡ ಹತ್ತಿ ಇಳಿದುಬರುತ್ತಾಳೆ ಎಂದು ಓಣಿಯವರು ನಗುತ್ತಿದ್ದರು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಹಿಮಾಲಯದ ಶಿಬಿರಕ್ಕೆ ಆಯ್ಕೆಯೂ ಆದಳು. ಹೊರಡುವ ವಾರ ಕಾಮಾಲೆ ಹಿಡಿಯಿತು. ಹಳದಿ ಕಣ್ಣು ಬಿಟ್ಟುಕೊಂಡು ಅವಳು ಮಲಗಿದ್ದಾಗ ಅವಳ ಜಾಗದಲ್ಲಿ ಬೇರೊಬ್ಬಳು ಹೋದಳು. ಆಮೇಲೆ ನೌಕರಿ, ಶಿವರಾಜನೊಂದಿಗೆ ಮದುವೆ, ಇಬ್ಬರು ಮಕ್ಕಳು. ಹಿಮದ ಮಾತನ್ನು ಅವಳು ಯಾರ ಮುಂದೆಯೂ ಎತ್ತಲಿಲ್ಲ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಆ ಮಾತನ್ನು ಎತ್ತಿದವಳು ನೆಗೆಣ್ಣಿ ನಂದಿನಿ. ಮೈದುನ ಲಕ್ಷ್ಮಣನ ಹೆಂಡತಿ, ಲಿಂಗಸುಗೂರಿನಲ್ಲಿ ಹೈಸ್ಕೂಲ್ ಟೀಚರು. ಓಣಿಯ ಕೊನೆಯ ಅಂಗಡಿಗೂ ಸ್ಕೂಟಿಯಲ್ಲೇ ಹೋಗುವವಳು. ಅಂಥವಳು ಗೆಳತಿಯರೊಂದಿಗೆ ಹಿಮಾಲಯ ಹತ್ತಲು ಹೊರಟಿದ್ದಳು. ರಾಯಚೂರಿನಲ್ಲಿ ರೈಲು ಹಿಡಿಯುವ ಹಿಂದಿನ ದಿನ ಅತ್ತೆಯ ಆಶೀರ್ವಾದಕ್ಕೆಂದು ಸಾಮಾನು ಸಮೇತ ಸಿಂಧನೂರಿನ ಮನೆಗೆ ಬಂದಳು.

ಪಡಸಾಲೆಯ ತುಂಬ ಉಣ್ಣೆಯ ಬಟ್ಟೆ ಹರಡಿತು. ಮೈಗಂಟುವ ಥರ್ಮಲ್ಲು, ಕಿವಿ ಮುಚ್ಚುವ ಟೊಪ್ಪಿಗೆ, ದಪ್ಪ ಕಾಲುಚೀಲ, ಗಾಳಿ ತೂರದ ನೀಲಿ ಜಾಕೀಟು. ಹೊರಗೆ ಬಿಸಿಲು ಹೆಂಚು ಕಾಯಿಸುತ್ತಿತ್ತು; ಒಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು. ಅತ್ತೆ ಪಕೀರಮ್ಮ ಟೊಪ್ಪಿಗೆಯನ್ನು ತಾನೇ ತೊಟ್ಟು, "ನಮ್ ನಂದಿನಿ ಧೈರ್ಯ ನೋಡ್ರೆವ್ವಾ!" ಎಂದು ಬಂದವರಿಗೆಲ್ಲ ಹೇಳಿದಳು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅನುಪಮಾಳ ಎದೆಯಲ್ಲಿ ಒಂದು ಕೆಂಡ ಹೊರಳಿತು.

ಬ್ಯಾಗಿನ ಜಿಪ್ಪು ಬೀಳಲೊಲ್ಲದು. "ಅಕ್ಕಾ, ನೀ ಎನ್‌ಸಿಸಿಯಾಗ ಇದ್ದಾಕಿ, ಒಂಚೂರು ಕಟ್ಟಿಕೊಡು" ಎಂದಳು ನಂದಿನಿ. ಅದೂ ಚುಚ್ಚಿತು. ಇಷ್ಟು ವರ್ಷ ಯಾರೂ ನೆನೆಯದ ಎನ್‌ಸಿಸಿ ಈಗ ಮತ್ತೊಬ್ಬರ ಬ್ಯಾಗು ಕಟ್ಟಲು ನೆನಪಾಯಿತೇ? ಆದರೂ ಕೂತಳು. ಬಟ್ಟೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಮಳೆಯಂಗಿಯನ್ನು ಕೈಗೆ ಸಿಗುವಂತೆ ಮೇಲಿಟ್ಟಳು. ನಂದಿನಿ ಫೋನು ಬಂತೆಂದು ಹೊರಗೆ ಹೋದಳು.

ಒಬ್ಬಳೇ ಉಳಿದಾಗ ಅನುಪಮಾ ಒಳಗೆ ತುಪ್ಪಳದಂಥ ಅಸ್ತರಿಯಿದ್ದ ಕೈಗವಸುಗಳನ್ನು ತೊಟ್ಟುಕೊಂಡಳು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತವು. ಬೆರಳು ಮಡಚಿ ಬಿಡಿಸಿದಳು. ಅಂಗೈ ಬೆವರಿತು, ತೆಗೆಯಲು ಮನಸ್ಸಾಗಲಿಲ್ಲ. ಅಷ್ಟರಲ್ಲಿ ಹೆಜ್ಜೆ ಸಪ್ಪಳ. ಗಾಬರಿಯಲ್ಲಿ ಕಿತ್ತು, ಪಕ್ಕದ ಅಲ್ಮಾರಿಯಲ್ಲಿದ್ದ ತನ್ನ ಸೀರೆಗಳ ಕೆಳಗೆ ತುರುಕಿದಳು.

"ಎಲ್ಲಾ ಹಿಡದ್ವೇನಕ್ಕಾ?"

"ಹಿಡದಾವ" ಎಂದು ಜಿಪ್ಪು ಎಳೆದಳು.

ಅಲ್ಲಿಯವರೆಗೆ ಅದು ಗಾಬರಿಯ ಕೆಲಸ. ಮರುದಿನ ನಂದಿನಿ ಕಾಲಿಗೆ ಬಿದ್ದು ಏಳುವಾಗ ಹೇಳಬಹುದಿತ್ತು. ಹೇಳಲಿಲ್ಲ. ಅದು ಗಾಬರಿಯಲ್ಲವೆಂದು ಅವಳಿಗೇ ಗೊತ್ತಿತ್ತು.

ನಾಲ್ಕಾರು ದಿನಗಳ ನಂತರ, ಮಸ್ಕಿ ನಿಲ್ದಾಣದಲ್ಲಿ ಬಸ್ಸು ನಿಂತಿದ್ದಾಗ ಫೋನು ಬಂತು. "ಅಕ್ಕಾ, ನಾಳಿ ಹಿಮದಾಗ ನಡಿಯೋದೈತಿ. ಗ್ಲೌಸ್ ಕಾಣವಲ್ವು. ಇಲ್ಲಿ ಬಾಡಿಗಿಗೆ ಸಿಗೂವೆಲ್ಲ ಗಂಡಸರ ಅಳತೀವು. ಮನ್ಯಾಗ ಉಳದಾವೇನು?"

ಎದುರಿಗೇ ಗುಡ್ಡ ಬಿಸಿಲಲ್ಲಿ ಕಾಯುತ್ತಿತ್ತು. 'ನೋಡ್ತೀನಿ' ಎಂದುಬಿಟ್ಟರೆ ಸಾಕಿತ್ತು. ಬಾಯಿಗೆ ಬಂದದ್ದು ಬೇರೆ.

"ನನ್ನ ಸೀರಿ ಬುಡಕ ಅದಾವ. ನಾನಾ ತೆಗದಿಟ್ಟೀನಿ."

"ಯಾಕಕ್ಕಾ?"

"ಹೊಟ್ಟಿ ಉರೀತು, ನಂದಿನಿ."

ಅತ್ತ ಬರೀ ಗಾಳಿಯ ಸದ್ದು. ಆಮೇಲೆ ಫೋನು ಕಟ್ಟಾಯಿತು. ಅಂದು ಲಿಂಗಸುಗೂರಿನವರೆಗೆ ಅನುಪಮಾ ಯಾರನ್ನೂ ಗದರಲಿಲ್ಲ. "ಮೈಯಾಗ ಆರಾಮಿಲ್ಲೇನ್ರೀ ಮೇಡಂ?" ಎಂದು ದಾವಲ್‌ಸಾಬ್ ಕೇಳಿದರು.

ನಂದಿನಿ ಹತ್ತಿಯೇ ಬಿಟ್ಟಳು. ಕೈಗಳಿಗೆ ಕಾಲುಚೀಲ ಸುತ್ತಿ, ಮೇಲೆ ಬಾಡಿಗೆಯ ದೊಗಳೆ ಗವಸು ಕಟ್ಟಿಕೊಂಡು. ಬೆಟ್ಟದ ನೆತ್ತಿಯಲ್ಲಿ ನಿಂತ ಅವಳ ಪಟವನ್ನು ಪಕೀರಮ್ಮ ಮನೆಮನೆಗೂ ತೋರಿಸಿದಳು. ಅನುಪಮಾ ಮೊದಲು ಆ ಕೈಗಳನ್ನು ನೋಡಿದಳು, ಆಮೇಲೆ ಹಿಂದಿನ ಹಿಮವನ್ನು. ನಾಚಿಕೆ ಅಷ್ಟಿದ್ದರೂ ಹೊಟ್ಟೆಯ ಉರಿ ಆರಲಿಲ್ಲ. ಅದೇ ಅವಳಿಗೆ ದಿಗಿಲು ಹುಟ್ಟಿಸಿತು.

ಊರಿಗೆ ಬಂದ ನಂದಿನಿಯ ಬೆರಳುಗಳು ಬಾತಿದ್ದವು. ಅತ್ತೆ ಕೇಳಿದ್ದಕ್ಕೆ, "ಥಂಡಿಗೆ ಹಂಗ ಆಕ್ಕಾವ್ರೀ ಅತ್ತಿ" ಎಂದಷ್ಟೇ ಹೇಳಿದಳು. ಅನುಪಮಾ ಬೆಣ್ಣೆ ತಂದು ಹಚ್ಚಲು ಕೂತರೆ ಕೈ ಹಿಂದಕ್ಕೆಳೆದುಕೊಂಡಳು. ದೀಪಾವಳಿ ಬಂದರೂ ಇಬ್ಬರ ನಡುವೆ ಮಾತು ಹದಕ್ಕೆ ಬರಲಿಲ್ಲ.

ಆ ಚಳಿಗಾಲದಲ್ಲಿ ತಾನೂ ಹಿಮಾಲಯಕ್ಕೆ ಹೋಗಲೆಂದು ಅನುಪಮಾ ಮೊದಲೇ ರಜೆಗೆ ಅರ್ಜಿ ಹಾಕಿದಳು. "ಈ ವಯಸ್ಸಿನ್ಯಾಗ?" ಎಂದ ಶಿವರಾಜ. "ಹೋಗ್ಲಿಲ್ಲಂದ್ರ ನಾ ಮನಿಷ್ಯಾಳಾಗಿ ಉಳಿಯಂಗಿಲ್ರೀ" ಎಂದಳು. ವಾರದ ರಜೆ ಸಿಕ್ಕಾಗಲೆಲ್ಲ ತವರಿಗೆ ಹೋಗಿ ಬೆಳಗಿನ ಜಾವ ಗುಡ್ಡ ಹತ್ತತೊಡಗಿದಳು. ಮೊದಮೊದಲು ಅರ್ಧಕ್ಕೇ ಏದುಸಿರು. ಹೊರಡುವ ದಿನ ಹತ್ತಿರ ಬಂದಾಗ, ಡ್ಯೂಟಿಯ ಮೇಲೆ ಬಂದಿದ್ದ ಅವಳಿಗೆ ಲಿಂಗಸುಗೂರು ನಿಲ್ದಾಣದಲ್ಲಿ ನಂದಿನಿ ಬಸ್ಸಿನ ಕಿಟಕಿಯಿಂದ ಒಂದು ಗಂಟು ಚಾಚಿದಳು. ನೀಲಿ ಜಾಕೀಟು.

"ಬಾಡಿಗಿವು ನಾರ್ತಾವು. ತಗೋ."

"ಸಿಟ್ಟು ಹೋತೇನು?"

"ಇಲ್ಲ. ಆದ್ರೂ ಚಳಿ ಚಳೀನಾ ಅಲ್ಲೇನು?"

ಮುಖ ನೋಡದೆ ಹೇಳಿ ಸ್ಕೂಟಿ ಹತ್ತಿ ಹೋದಳು. ಗಂಟನ್ನು ಮಡಿಲಲ್ಲಿಟ್ಟುಕೊಂಡ ಅನುಪಮಾಳಿಗೆ ಈ ಸಲ ಅಸೂಯೆ ಹುಟ್ಟಿದ್ದು ನಂದಿನಿಯ ಮನಸ್ಸಿನ ಮೇಲೆ. ತಾನಾಗಿದ್ದರೆ ಕೊಡುತ್ತಿದ್ದೆನೇ ಎಂದು ಕೇಳಿಕೊಂಡಳು.

ಡಿಸೆಂಬರಿನಲ್ಲಿ ಅವಳು ಹಿಮ ತುಳಿದಳು. ಮೊದಲ ಹೆಜ್ಜೆಗೇ ಮೊಣಕಾಲಿನವರೆಗೆ ಹೂತು ಬಿದ್ದು, ಜೊತೆಯವರು ಎಬ್ಬಿಸುವ ತನಕ ಅಲ್ಲೇ ಕೂತು ನಕ್ಕಳು.