ದೂತನ ಪಾರ್ಟು

ಈ ಪರದೇಶದಲ್ಲಿ ನಮ್ಮ ಕನ್ನಡ ಬಳಗದವರು ಗ್ರೀಕರ ಮಾದರಿಯಲ್ಲಿ ಒಂದು ನಾಟಕ ಮಾಡುತ್ತೇವೆಂದಾಗ ನಾನು ರಾಜನ ಪಾರ್ಟು ಕೇಳಿದೆ. ಸಿಕ್ಕಿದ್ದು ದೂತನ ಪಾರ್ಟು. ಗದಗಿನಲ್ಲಿ ಕಂಪನಿ ನಾಟಕ ನೋಡಿ ಬೆಳೆದವನಿಗೆ ಇದೆಂಥ ಅವಮಾನ! "ರಾಜ ಸಾಯೋದನ್ನರ ಸ್ಟೇಜ್ ಮ್ಯಾಲೆ ತೋರಸ್ರಿ" ಎಂದು ಜಗಳ ತೆಗೆದೆ.

ನಿರ್ದೇಶಕಿ ಮೈಸೂರು ಕಡೆಯವರು, ತಾಳ್ಮೆ ಜಾಸ್ತಿ. "ಗ್ರೀಕರು ಸಾವನ್ನ ಸಾಮಾನ್ಯವಾಗಿ ಕಣ್ಮುಂದೆ ತೋರಿಸ್ತಿರ್ಲಿಲ್ಲ ಸಾರ್. ಒಳಗೆಲ್ಲೋ ಆಗುತ್ತೆ, ದೂತ ಬಂದು ಹೇಳ್ತಾನೆ" ಎಂದರು. ರೋಮಿನ ಅಖಾಡದಲ್ಲಿ ಜನ ನಿಜವಾದ ರಕ್ತ ನೋಡಲು ಮುಗಿಬೀಳುತ್ತಿದ್ದರಂತೆ. ಈ ಗ್ರೀಕರೇಕೆ ಬರೀ ಮಾತಿಗೆ ಕೂರುತ್ತಿದ್ದರು? ನಾರ್ತ್ ಕ್ರೀಕ್‌ನ ನನ್ನ ಆಫೀಸಿನಲ್ಲಿ ಊಟದ ಹೊತ್ತಿಗೆಲ್ಲ ಅದನ್ನೇ ಓದತೊಡಗಿದೆ. ಹೆಚ್ಚೆಂದರೆ ಮೂರು ನಟರು ಮುಖವಾಡ ಬದಲಿಸಿ ಎಲ್ಲ ಪಾರ್ಟೂ ಮಾಡುತ್ತಿದ್ದರಂತೆ. ಅಂದರೆ ರಾಜನಾಗಿ ಸತ್ತವನೇ ದೂತನಾಗಿ ಬಂದು ತನ್ನ ಸಾವು ತಾನೇ ಹೇಳಬಹುದು! ಹುಚ್ಚೇ ಹಿಡಿಯಿತು ನನಗೆ.

ಆದರೆ ರಿಹರ್ಸಲ್‌ನಲ್ಲಿ "ರಾಣೀ, ನಿನ್ನ ಗಂಡ ಇನ್ನಿಲ್ಲ" ಎನ್ನುವಲ್ಲಿ ನಾಲಿಗೆ ಹೊರಳುತ್ತಿರಲಿಲ್ಲ. ಕಾರಣ ನನಗೆ ಗೊತ್ತಿತ್ತು. ಅಪ್ಪ ಊರಲ್ಲಿ ತೀರಿಕೊಂಡಾಗ ಅವ್ವ ಇಲ್ಲಿ ಶೋರ್‌ಲೈನ್‌ನ ನಮ್ಮ ಮನೆಯಲ್ಲಿದ್ದಳು. "ಅಪ್ಪಗ ಆರಾಮಿಲ್ಲ, ದವಾಖಾನಿಗೆ ಸೇರಿಸ್ಯಾರ" ಎಂದು ಸುಳ್ಳು ಹೇಳಿ ವಿಮಾನ ಹತ್ತಿಸಿದೆ. ಊರ ಮನೆ ಮುಂದೆ ಕೂತ ಜನರನ್ನು ನೋಡಿಯೇ ಅವಳಿಗೆ ತಿಳಿದದ್ದು. ಆಮೇಲೆ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಕ್ಷಮಿಸಿದಳೋ ಇಲ್ಲವೋ ಎಂದು ಎದೆಯೊಳಗೆ ಕೊರೆಯುತ್ತಲೇ ಇತ್ತು.

ಕ್ರಾಸ್‌ರೋಡ್ಸ್‌ನ ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಆಟ. ಮತ್ತೆ ನಮ್ಮಲ್ಲಿಗೆ ಬಂದಿದ್ದ ಅವ್ವ ಮೊದಲ ಸಾಲಿನಲ್ಲೇ ಕೂತಿದ್ದಳು. ಮುಖವಾಡ ಇತ್ತಲ್ಲ, ಧೈರ್ಯ ಬಂತು. ರಾಜ ಹೇಗೆ ಬಿದ್ದ, ಯಾರು ನೀರು ಕುಡಿಸಿದರು, ಕೊನೆಗೆ ಯಾರನ್ನು ಕರೆದ, ಎಲ್ಲ ಹೇಳಿ ಮುಗಿಸಿದೆ.

"ಒನ್ಸ್ ಮೋರ್!"

ಕಂಪನಿ ನಾಟಕದಲ್ಲಿ ಹಾಡು ಹಿಡಿಸಿದರೆ ಜನ ಹೀಗೆ ಕೂಗುತ್ತಾರೆ, ನಟ ಮತ್ತೆ ಹಾಡಲೇಬೇಕು. ಸಾವಿನ ಸುದ್ದಿಗೆ ಯಾರಾದರೂ ಒನ್ಸ್ ಮೋರ್ ಅಂತಾರೆಯೇ? ಜನ ಗೊಳ್ಳೆಂದು ನಕ್ಕರು. ಕೂಗಿದ್ದು ಅವ್ವ. ಮೇಳದವರು ಗಡಬಡಿಸಿ ಹಾಡು ಎತ್ತಿಕೊಂಡರು.

ಮನೆಗೆ ಹೋಗುವಾಗ ಕಾರಿನಲ್ಲಿ ರೇಗಿದೆ: "ಏನವಾ, ಮಂದಿ ಮುಂದ ಮಾನಾ ಕಳದಿ! ಅದೇನು ಹಾಡೇನು?"

ಅವ್ವ ಕಿಟಕಿಯ ಹೊರಗೇ ನೋಡುತ್ತಿದ್ದಳು. "ಅವತ್ತ ಯಾರೂ ನನಗ ಹೇಳಲಿಲ್ಲಪಾ. ಇವತ್ತ ನೀ ಹೇಳಿದಿ. ಇನ್ನೊಮ್ಮೆ ಕೇಳಬೇಕು ಅನಸ್ತು."

ಮುಂದಿನ ಎಕ್ಸಿಟ್‌ನಲ್ಲಿ ಹೆದ್ದಾರಿ ಬಿಟ್ಟು ಕಾರು ನಿಲ್ಲಿಸಿದೆ. ಅಪ್ಪನ ಕೊನೆಯ ದಿನದ ಬಗ್ಗೆ ಊರಲ್ಲಿದ್ದ ನನ್ನ ತಮ್ಮ ಫೋನಿನಲ್ಲಿ ಹೇಳಿದ್ದನ್ನೆಲ್ಲ, ಮುಂಜಾನೆಯ ಚಹಾದಿಂದ ಹಿಡಿದು, ಅವ್ವನಿಗೆ ಹೇಳತೊಡಗಿದೆ.