ತೊಂಬತ್ತೆಂಟು ಅಂಕದ ಭಜನೆ ಪುಸ್ತಕ

ತೊಂಡೆಕಾಯಿ ಸೀಳುತ್ತಿದ್ದೆ, ಫೋನು ಬಂತು. ನಮ್ಮ ಡೊಂಬಿವಲಿಯ ಭಜನಾ ಮಂಡಳಿಯ ಕಾರ್ಯದರ್ಶಿ. ಹೊಸ ಭಜನೆ ಪುಸ್ತಕ ಕಂಪ್ಯೂಟರಿನಲ್ಲಿ ತಯಾರಾಗಿದೆ, ಮೇಲ್ ಮಾಡಿದ್ದೇನೆ ಎಂದರು. ತಮ್ಮ ಮಗನ ಕಾಲೇಜಿನ ವೆಬ್‌ಸೈಟಿಗೆ ಹಾಕಿ ನೋಡಿದರಂತೆ. ಕಣ್ಣು ಕಾಣದವರೂ ಓದಬಹುದೇ ಎಂದು ಅದು ಪರೀಕ್ಷೆ ಮಾಡಿ ನೂರಕ್ಕೆ ತೊಂಬತ್ತೆಂಟು ಕೊಟ್ಟಿದೆಯಂತೆ. ಇನ್ನು ಶನಿವಾರದ ಭಜನೆಯೆಲ್ಲ ಅದರಿಂದಲೇ. ಕಲಿತು ಹೇಳಿಕೊಡಲು ಆಗದಿದ್ದರೆ ಮುಂದೆ ಕೂತು ಹೇಳಿಕೊಡುವ ಜಾಗಕ್ಕೆ ಬೇರೆಯವರನ್ನು ನೋಡಬೇಕಾದೀತು ಎಂಬುದನ್ನೂ ಮೆಲ್ಲಗೆ ಸೇರಿಸಿದರು.

ಆ ಜಾಗ ನಮ್ಮ ಮನೆಯವರದು. ವರ್ತಕ ನಗರದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದರು. ಕಣ್ಣು ಹೋಯಿತು, ಕೆಲಸ ಹೋಯಿತು. ಸ್ವರ ಉಳಿಯಿತು, ತಾಳ ಉಳಿಯಿತು, ಶನಿವಾರ ಉಳಿಯಿತು. ಮೂರಕ್ಕೂ ದಿನಾ ದೀಪ ಹಚ್ಚುವಾಗ ಕೈಮುಗಿಯುತ್ತೇನೆ. ನಾಲ್ಕನೆಯದು ಮಗಳು ಕಂಪ್ಯೂಟರಿಗೆ ಹಾಕಿಕೊಟ್ಟ ದನಿ. ಪರದೆಯ ಮೇಲಿನದನ್ನು ಓದಿ ಹೇಳುತ್ತದೆ, ಕನ್ನಡವನ್ನೂ, ನೆಗಡಿಯಾದವರ ಹಾಗೆ.

ಸಂಜೆ ಮಗಳು ಪುಸ್ತಕ ತೆರೆದಳು. ದನಿ ಶುರುಮಾಡಿತು: ಜೆ, ಡಾಲರ್, ಎಫ್, ಅಡ್ಡಗೆರೆ, ಮತ್ತೆ ಡಾಲರ್.

"ಇದು ಯಾವ ದೇವರ ಮೇಲಿನದು ಮಾರಾಯ್ತಿ?" ಎಂದರು ಇವರು.

ಮೂವರೂ ನಕ್ಕೆವು. ಮೂರನೆಯ ಪುಟಕ್ಕೆ ಯಾರಿಗೂ ನಗು ಬರಲಿಲ್ಲ.

ಮಗಳು ಅರ್ಧ ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಮಂಡಳಿಯವರು ಆಮಂತ್ರಣ ಪತ್ರಿಕೆಗೆ ಬಳಸುವ ಹಳೇ ಕನ್ನಡ ಫಾಂಟಿನಲ್ಲೇ ಪುಸ್ತಕವನ್ನೂ ಟೈಪ್ ಮಾಡಿಸಿದ್ದರು. ಮೇಲೆ ನೋಡಿದರೆ ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ. ಅಂಕ ಕೊಡುವ ಯಂತ್ರ ತಲೆಬರಹ ಇದೆಯೇ, ಚಿತ್ರಕ್ಕೆ ವಿವರಣೆ ಇದೆಯೇ ಎಂದಷ್ಟೇ ನೋಡಿ ಹಸಿರು ಗುರುತು ಹಾಕಿತ್ತು. ಓದಿದರೆ ಏನು ಕೇಳಿಸುತ್ತದೆ ಎಂಬುದು ಅದರ ಲೆಕ್ಕಕ್ಕಿಲ್ಲ.

"ಬಿಡು, ಬೇರೆಯವರು ಹೇಳಲಿ. ನಾನು ಹಿಂದೆ ಕೂತು ತಾಳ ಹಾಕ್ತೇನೆ," ಎಂದರು ಇವರು.

ನಾನು ಬಿಡಲಿಲ್ಲ. ದೇವರು ಕೊಟ್ಟದ್ದನ್ನು ತಲೆಬಾಗಿ ತೆಗೆದುಕೊಳ್ಳುವವಳು ನಾನು. ಕಣ್ಣು ಹೋದದ್ದಕ್ಕೂ ಅವನ ಹತ್ತಿರ ಜಗಳ ಆಡಿದವಳಲ್ಲ. ಆದರೆ ಇದು ದೇವರು ಮಾಡಿದ್ದಲ್ಲ, ಫಾಂಟು ಮಾಡಿದ್ದು. ಅದಕ್ಕೆ ತಲೆಬಾಗುವ ಅಗತ್ಯ ನನಗೆ ಕಾಣಲಿಲ್ಲ.

ಶನಿವಾರ ಲ್ಯಾಪ್‌ಟಾಪನ್ನು ಹೂವಿನ ಚೀಲದ ಜೊತೆ ಹಿಡಿದುಕೊಂಡು ಹೋದೆ. ಭಜನೆಗೆ ಮೊದಲು ಕಾರ್ಯದರ್ಶಿ ತಮ್ಮ ಮೊಬೈಲ್ ತೋರಿಸಿದರು. "ನೋಡಿ ಅಕ್ಕ, ಹಸಿರು. ತೊಂಬತ್ತೆಂಟು. ನನ್ನ ಮಗನಿಗೇ ಇಷ್ಟು ಬಂದದ್ದಿಲ್ಲ."

ಎಲ್ಲರೂ ನಕ್ಕರು. ಲ್ಯಾಪ್‌ಟಾಪನ್ನು ಅವರ ಮುಂದಿಟ್ಟೆ.

"ಅಣ್ಣ, ಒಂದೇ ಒಂದು ಭಜನೆ ಕಣ್ಣು ಮುಚ್ಚಿ ಕೇಳಿ. ನಿಮಗೆ ಅರ್ಥ ಆದ್ರೆ ಇವರನ್ನು ಆ ಜಾಗದಿಂದ ನಾನೇ ಎಬ್ಬಿಸ್ತೇನೆ."

ಅವರು ಕಣ್ಣು ಮುಚ್ಚಿದರು. ಡಾಲರ್, ಅಡ್ಡಗೆರೆ, ಜೆ. ನಡುವೆ ಒಮ್ಮೆ ಕಣ್ಣು ಬಿಡಲು ನೋಡಿದರು, ಇನ್ನೂ ಪಲ್ಲವಿಯೇ ಮುಗಿದಿಲ್ಲ ಎಂದೆ. ಕೊನೆಗೆ ಅವರ ಮುಖ ಸಣ್ಣದಾಯಿತು.

"ಎಂತ ಮಾಡ್ಬೇಕು ಹೇಳಿ ಅಕ್ಕ."

ಮಗಳು ಹೇಳಿಕೊಟ್ಟದ್ದನ್ನೇ ಹೇಳಿದೆ: ಒಳಗೂ ಕನ್ನಡವೇ ಇರುವ ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿಸಬೇಕು, ಪಾಸೋ ಫೇಲೋ ಇವರು ಕೇಳಿ ಹೇಳುತ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು ಕಾರ್ಯದರ್ಶಿ. ಹಿಡಿಯಲಿ, ಅಲ್ಲಿಯವರೆಗೆ ಬಾಯಿಗೆ ಬರುವ ಹಳೆಯ ಭಜನೆಗಳೇ, ಮುಂದೆ ಕೂರುವವರೂ ಇವರೇ ಎಂದೆ. ಯಾರೂ ಬೇಡವೆನ್ನಲಿಲ್ಲ.

ಹೊಸದಾಗಿ ಟೈಪಾದ ಮೊದಲ ಐದು ಭಜನೆ ಮೇಲ್‌ನಲ್ಲಿ ಬಂದ ದಿನ ಕಾರ್ಯದರ್ಶಿಯ ಫೋನೂ ಬಂತು, ಗಾಬರಿಯ ದನಿ. ಅವಸರದಲ್ಲಿ ತಲೆಬರಹದ ಗುರುತು ಹಾಕಿಲ್ಲ, ಅಂಕ ಅರವತ್ತೊಂದಕ್ಕೆ ಇಳಿದು ಕಿತ್ತಳೆ ಬಣ್ಣ ಬಂದಿದೆಯಂತೆ. ಅದನ್ನು ಆಮೇಲೆ ಸರಿಮಾಡಿ, ಈಗ ಇದನ್ನು ಕೇಳಿಸಿಕೊಳ್ಳಿ ಎಂದು ಫೋನನ್ನು ಒಳಗೆ ಕಂಪ್ಯೂಟರಿನ ಹತ್ತಿರ ಹಿಡಿದೆ. ನೆಗಡಿಯ ದನಿ ಅಚ್ಚ ಕನ್ನಡದಲ್ಲಿ ಪಲ್ಲವಿ ಓದುತ್ತಿತ್ತು. ಇವರು ತೊಡೆಯ ಮೇಲೆ ತಾಳ ಹಾಕುತ್ತ ಅದರ ಹಿಂದೆಯೇ ರಾಗ ಕೂರಿಸುತ್ತಿದ್ದರು.

ಅಷ್ಟರಲ್ಲಿ ನಲ್ಲಿಯಲ್ಲಿ ಗಾಳಿ ಗೊರಗುಟ್ಟಿತು. ಮುನಿಸಿಪಾಲಿಟಿ ನೀರು ಬರುವುದು ಮುಕ್ಕಾಲು ಗಂಟೆ ಮಾತ್ರ. ಫೋನನ್ನು ಇವರ ಕೈಗೆ ಕೊಟ್ಟು ಡ್ರಮ್ಮು ತುಂಬಿಸಲು ಹೋದೆ.