ಕಂಪೌಂಡರ್ ಕಾಕಾನ ಹಿಡಿ ಬ್ಯಾಳಿ

ಹೋದ ತಿಂಗಳು ಬಾಗಲಕೋಟೆಯಲ್ಲಿ ಒಂದು ಬಾಡಿಗೆ ಮನೆ ನೋಡಲು ಹೋಗಿದ್ದೆ. ಮಾಲಕರ ಅಡಿಗೆಮನೆಯಿಂದ ತೊಗರಿಬ್ಯಾಳಿ ಕುದಿಯುವ ವಾಸನೆ ಬಂತು. ಅರಿಶಿನ ಬೀಳುವ ಮೊದಲಿನ ವಾಸನೆ, ನೊರೆ ಉಕ್ಕಿ ಒಲೆಯ ಮೇಲೆ ಚುರ್ ಅಂದಾಗ ಬರುವಂಥದು. ಮಾಲಕರು ಬಚ್ಚಲ ನಲ್ಲಿ ತಿರುವಿ ನೀರಿನ ಜೋರು ತೋರಿಸುತ್ತಿದ್ದರು. ನನಗೆ ಕಂಪೌಂಡರ್ ಕಾಕಾ ನೆನಪಾಗಿ ಸಿಟ್ಟು ಬಂತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅಂತಾರೆ. ನಾನು ಮಾಡುತ್ತೇನೆ. ಆ ಮನುಷ್ಯ ನನ್ನ ಹೊತ್ತು ಹಾಳು ಮಾಡಿದಷ್ಟು ಹುನಗುಂದದಲ್ಲಿ ಮತ್ತೊಬ್ಬರು ಮಾಡಿಲ್ಲ.

ನಾನು ಜನರ ಸಂಸಾರ ಎತ್ತಿ ಸಾಗಿಸುವವ. ಇಳಕಲ್ ಬಸ್ ಸ್ಟ್ಯಾಂಡಿನಲ್ಲಿ ಸೀರೆಯ ಗಂಟು ಹೊತ್ತು ಶುರು ಮಾಡಿದೆ; ಆಮೇಲೆ ಕೈಗಾಡಿ, ಆಮೇಲೆ ಒಂದು ಹಳೇ ಟೆಂಪೋ, ಈಗ ಎರಡು ಲಾರಿ. ಮಕ್ಕಳಿಗೆ ಬಾಗಲಕೋಟೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತು ಅಂತ ಊರು ಬಿಡುವ ಮಂದಿ ನಮ್ಮ ಕಡೆ ವರ್ಷಾ ವರ್ಷಾ ಏಳುತ್ತಾರೆ, ಮೊದಲ ಮಳೆಗೆ ಹುಳ ಎದ್ದ ಹಾಗೆ. ಹುನಗುಂದ, ಇಳಕಲ್, ಬಾದಾಮಿ ಕಡೆಯ ಎಷ್ಟೋ ಮನೆಗಳ ತಿಜೋರಿ, ಪಲಂಗ, ರೊಟ್ಟಿ ಹಂಚು ನನ್ನ ಗಾಡಿ ಏರಿವೆ. ನೋಡೀ ನೋಡೀ ಊರು ಬಿಡುವವರ ಮೇಲೆ ನನಗೆ ಗೌರವ ಉಳಿದಿಲ್ಲ. ಮಗನ ಓದಿಗೆ ಅಂತ ಹೊರಟವರು ಹೊಸ ಮನೆಯಲ್ಲಿ ಮೊದಲು ನೋಡುವುದು ಟಿವಿ ತೂಗುಹಾಕುವ ಗೋಡೆ. ಬಾದಾಮಿ ಕಡೆಯ ಒಬ್ಬ ಮಾಸ್ತರರು ಎರಡನೇ ಮಜಲಿಗೆ ಬೀಸುಕಲ್ಲು ಏರಿಸಿದರು. ಪುಸ್ತಕದ ಪೆಟ್ಟಿಗೆ ಊರಲ್ಲೇ ಮರೆತಿದ್ದರು.

ಮಾಲಕರು ಅವರಿಗಿಂತ ಕಡೆ. ಎಮ್ಮೆ ಕಟ್ಟುತ್ತಿದ್ದ ಜಾಗಕ್ಕೆ ತಗಡು ಹೊದಿಸಿ, ‘ವಿದ್ಯಾರ್ಥಿಗಳಿಗೆ ಅನುಕೂಲ’ ಅಂತ ಬೋರ್ಡು ಬರೆಸುವ ಜನ. ಅದಕ್ಕೇ ಯಾರೇ ಕೇಳಲಿ, ಕೇಳದೇ ಇರಲಿ, ನಾನು ಹೇಳುತ್ತೇನೆ: ಮುಂಜಾನೆ ತಂಪಿನಲ್ಲಿ ಮನೆ ನೋಡಬೇಡಿ. ಬ್ಯಾಸಿಗೆಯಲ್ಲಿ ಮಧ್ಯಾಹ್ನ ಮೂರಕ್ಕೆ ಹೋಗಿ ಪಶ್ಚಿಮದ ಗೋಡೆಗೆ ಅಂಗೈ ಇಡಿ. ಹಂಚಿನ ಹಾಗೆ ಕಾದಿದ್ದರೆ ನಿಮ್ಮ ಮಗ ಅಲ್ಲಿ ಕೂತು ಓದುವುದಿಲ್ಲ, ಮಾಳಿಗೆ ಹತ್ತಿ ಮೊಬೈಲ್ ನೋಡುತ್ತಾನೆ. ನೀರಿನ ಟಾಕಿಯ ಕೀಲಿ ಯಾರ ಸೊಂಟದಲ್ಲಿದೆ ಕೇಳಿ. ಮಾಲಕರ ಹೆಂಡತಿ ಹೊರಗೆ ಬಂದು ಮಾತಾಡದಿದ್ದರೆ ಮುಂದಿನ ಮನೆಗೆ ನಡೆಯಿರಿ.

ಇದನ್ನೆಲ್ಲ ಕಂಪೌಂಡರ್ ಕಾಕಾಗೂ ಹೇಳಿದ್ದೆ. ಹನ್ನೆರಡು ವರ್ಷದ ಹಿಂದಿನ ಮಾತು…

ಅವರು ಸರ್ಕಾರಿ ದವಾಖಾನೆಯಲ್ಲಿ ಔಷಧ ಕೊಡುತ್ತಿದ್ದರು. ನಮ್ಮ ಗೋಡೆಗೆ ಗೋಡೆ ಹಚ್ಚಿ ಅವರ ಮನೆ. ಮುಸಲ್ಮಾನರು, ಅಜ್ಜನ ಕಾಲದಿಂದ ನಮ್ಮ ಓಣಿಯವರು. ಅವರನ್ನು ಹೆಸರು ಹಿಡಿದು ಯಾರೂ ಕರೆದದ್ದಿಲ್ಲ. ನಮ್ಮೂರಲ್ಲಿ ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಓಣಿಗೆಲ್ಲ ಅವರು ಕಂಪೌಂಡರ್ ಕಾಕಾ, ಅವರ ಹೆಂಡತಿ ಕಾಕು. ದವಾಖಾನೆಯ ಚಟ ಮನೆಗೂ ಅಂಟಿತ್ತು. ರಂಜಾನಿನ ಸುರಕುಂಬಾ ಪಾಯಸಕ್ಕೆ ಸಕ್ಕರೆಯನ್ನು ಔಷಧದ ಗ್ಲಾಸಿನಲ್ಲಿ ಅಳೆದು ಹಾಕುವರು. ಚಹಾ ಕೊಟ್ಟರೆ ಬೆಳಕಿಗೆ ಹಿಡಿದು ನೋಡಿ ಕುಡಿಯುವರು. ಒಂದು ಛತ್ರಿ ಕೊಳ್ಳಲು ಮೂರು ಸಂತೆ ತಿರುಗಿದ್ದರು, ಮೂರನೇ ಸಂತೆಯ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಇಂಥವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಜಗತ್ತು ನಡೆದಿರುವುದು ರೂಪಾಯಿಗೆ ಆರಾಣೆ ಸರಿಯಿದ್ದರೆ ‘ಹೂಂ’ ಅನ್ನುವವರಿಂದ.

ಅವರಿಗೆ ಒಬ್ಬಳೇ ಮಗಳು. ಬಾಗಲಕೋಟೆಯಲ್ಲಿ ಆಕೆಗೆ ಫಾರ್ಮಸಿ ಸೀಟು ಸಿಕ್ಕಿತು. ತಂದೆ ಮೂವತ್ತು ವರ್ಷ ಯಾರದೋ ಚೀಟಿ ಓದಿ ಗುಳಿಗೆ ಕೊಟ್ಟವರು. ಮಗಳು ತನ್ನದೇ ಅಂಗಡಿ ಇಟ್ಟು, ತನ್ನ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ ಅನ್ನುತ್ತಿದ್ದಳು. ಹಾಸ್ಟೆಲಿಗೆ ಕಳಿಸಲು ಕಾಕುಗೆ ಮನಸ್ಸಿರಲಿಲ್ಲ. ದಿನಾ ಬಸ್ಸಿನಲ್ಲಿ ಓಡಾಡಿದರೆ ಓದುವುದು ಯಾವಾಗ ಅಂತ ಕಾಕಾ ಲೆಕ್ಕ ಹಾಕಿದರು. ಕಾಕಾ ಆಗಷ್ಟೇ ರಿಟೈರ್ ಆಗಿದ್ದರು. ಮೂವರೂ ಹೋಗಿ ಕಾಲೇಜಿನ ಹತ್ತಿರವೇ ಮನೆ ಮಾಡುವುದು ಅಂತ ಆಯಿತು. ಮನೆ ಹುಡುಕುವ ಕೆಲಸ ನನಗೆ ಬಂತು. ಹಳೇ ಊರಿನ ಕಡೆ ನಿಮ್ಮ ಮಂದಿ ಇದ್ದಾರೆ, ಅಲ್ಲಿ ಸುಲಭ ಸಿಗುತ್ತದೆ ಅಂದೆ. “ಮಗಳು ಕಾಲೇಜಿಗೆ ನಡಕೊಂತ ಹೋಗಲಿ ಅಂತನ ಊರು ಬಿಡಾಕ ಹತ್ತೇನಿ, ತಮ್ಮಾ. ಅಲ್ಲಿಂದಾನೂ ಬಸ್ಸು ಹಿಡಿಯೂದಾದ್ರ ಇಲ್ಲಿಂದನ ಹಿಡೀತಾಳಲ್ಲ” ಅಂದರು. ಬಗ್ಗದ ಮನುಷ್ಯ ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಮೊದಲ ಮನೆಗೆ ಹೋಗುವ ದಿನ ಅಪ್ಪ ಮಗಳು ಒಂದು ಚೀಲ ಹಿಡಿದು ಟೆಂಪೋ ಹತ್ತಿದರು. ಚೀಲದಲ್ಲಿ ಒಂದು ಪಂಪ್ ಸ್ಟೋ, ಒಂದು ಬೋಗುಣಿ, ಅರಿವೆಯಲ್ಲಿ ಕಟ್ಟಿದ ಒಂದು ಹಿಡಿ ತೊಗರಿಬ್ಯಾಳಿ. ಏನಿದು ಅಂತ ಕೇಳಿದೆ. “ಊರು ಬದಲಿ ಮಾಡೂದಂದ್ರ ನೀರು ಬದಲಿ ಮಾಡೂದು, ತಮ್ಮಾ. ಬ್ಯಾಳಿ ಬೇಯದ ನೀರು ಹೊಟ್ಟ್ಯಾಗೂ ಇಳಿಯಂಗಿಲ್ಲ” ಅಂದರು. ನಮ್ಮ ಕಡೆ ಬೋರಿನ ನೀರು ಸವಳು, ಅದರಲ್ಲಿ ಬ್ಯಾಳಿ ಕಲ್ಲಿನ ಹಾಗೆ ಕೂತುಬಿಡುತ್ತದೆ, ಖರೆ. ಆದರೆ ಅದಕ್ಕೆ ಒಂದು ಕೊಡ ಸೀನೀರು ತರಿಸಿಕೊಂಡರೆ ಮುಗಿಯಿತು. ಈ ಮನುಷ್ಯ ಖಾಲಿ ಮನೆಯ ಅಡಿಗೆಕಟ್ಟೆಯ ಮೇಲೆ ಸ್ಟೋ ಹಚ್ಚಿ, ಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟು, ಮುಕ್ಕಾಲು ತಾಸು ಕಾದರು. ಮಾಲಕರ ಮಕ್ಕಳು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಬ್ಯಾಳಿ ಬೇಯಲಿಲ್ಲ. ನಾನೂ ಒತ್ತಿ ನೋಡಿದೆ, ಗಟ್ಟಿ. ಆ ಮನೆ ಹೋಯಿತು.

ಎರಡನೇ ಮನೆಗೆ ಮತ್ತದೇ ಚೀಲ. ಬ್ಯಾಳಿ ಬೇಯುವುದನ್ನು ಕಾಯುವ ಗಿರಾಕಿ ನಾನಲ್ಲ. ಅವರನ್ನು ಇಳಿಸಿ, ಮೂಲೆಯ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂತೆ. ಮಾಲಕರ ಜೊತೆ ಮಾತು ಮೊದಲೇ ಮುಗಿಸಿದ್ದೆ. ಅದು ನನ್ನ ರೀತಿ: ಬಾಡಿಗೆಗೆ ಬರುವವರ ಬಗ್ಗೆ ಬೇಕಾದಷ್ಟೇ ಹೇಳುವುದು. ‘ಸರ್ಕಾರಿ ನೌಕರಿಯಿಂದ ರಿಟೈರ್ ಆದವರು, ಮೂರೇ ಮಂದಿ, ಗದ್ದಲಿಲ್ಲ’ ಅಂದರೆ ಎಂಥ ಮಾಲಕರೂ ಕರಗುತ್ತಾರೆ. ಹೆಚ್ಚು ಹೇಳಿದರೆ ಹೆಚ್ಚು ಕೇಳುತ್ತಾರೆ. ಕಾಕಾ ಹೊರಬಂದು “ಬೇಯಲಿಲ್ಲ” ಅಂದರು. ಮಗಳು ಸ್ಟೋ ಹಿಡಿದು ನೆಲ ನೋಡುತ್ತ ನಡೆದಳು.

ಮೂರನೇ ಮನೆ ಕಾಲೇಜಿನ ಗೇಟಿನಿಂದ ಕೂಗಳತೆ. ಅಂಗಳದಲ್ಲಿ ಬೇವಿನ ಗಿಡ, ಪಶ್ಚಿಮಕ್ಕೆ ನೆರಳು. ಅಂಥ ಮನೆ ನನ್ನ ಸ್ವಂತ ಮಗಳಿಗೆ ಹುಡುಕಿದ್ದರೂ ಸಿಗುತ್ತಿರಲಿಲ್ಲ. ಅವತ್ತು ಶನಿವಾರ. ಫೀ ತುಂಬಲು ಸೋಮವಾರ ಕಡೇ ದಿನ. ಮನೆ ಆದರೆ ಆಕೆ ಹೋಗುತ್ತಾಳೆ, ಇಲ್ಲದಿದ್ದರೆ ಸೀಟು ಹೋಗುತ್ತದೆ. ನಾನು ಚಹಾ ಮುಗಿಸಿ ಬರುವ ಹೊತ್ತಿಗೆ ಕಾಕಾ ಸ್ಟೋ ಆರಿಸಿ ಎದ್ದು ನಿಂತಿದ್ದರು. ಮಾಲಕರು ಬಾಗಿಲ ಚೌಕಟ್ಟಿಗೆ ಒರಗಿ ಗಿಡ ನೋಡುತ್ತಿದ್ದರು. “ಬೇಯಲಿಲ್ಲ, ತಮ್ಮಾ.” ನಾನು ಬೋಗುಣಿಗೆ ಕೈ ಹಾಕಿ ಎರಡು ಕಾಳು ಬಾಯಿಗೆ ಹಾಕಿಕೊಂಡೆ. ಬೆಣ್ಣೆ. ನಾಲಿಗೆಯ ಮೇಲೆ ಕರಗಿತು.

ರಸ್ತೆಗೆ ಬಂದು ಚೀಲ ಗಾಡಿಯಲ್ಲಿಟ್ಟ ಮೇಲೆ ನನಗೆ ತಡೆಯಲಾಗಲಿಲ್ಲ. ಮಗಳ ಎದುರಿಗೇ ಅಂದೆ: “ಕಾಕಾ, ಇದು ಬೆಂದಿಲ್ಲಂದ್ರ ಈ ಜಿಲ್ಹಾದಾಗ ಯಾರ ಮನಿ ಬ್ಯಾಳೀನೂ ಬೆಂದಿಲ್ಲ. ಊರು ಬಿಡಾಕ ನಿಮಗ ಧೈರ್ಯ ಇಲ್ಲ. ಬ್ಯಾಳಿ ಮ್ಯಾಲ ಯಾಕ ಹಾಕ್ತೀರಿ?”

ಅವರು ಮುಖದ ಬೆವರು ಒರೆಸಿಕೊಂಡರು. “ನಿನ್ನ ನಾಲಿಗಿಗೆ ಬೆಂದಿರಬೇಕು. ನಡಿ, ಮನಿಗೆ ಹೋಗೂಣು.”

ನಾನು ಅವರನ್ನು ಅಲ್ಲೇ ಬಿಟ್ಟು ಟೆಂಪೋ ಹೊಡೆದುಕೊಂಡು ಬಂದೆ. ಅಪ್ಪ ಮಗಳು ಬಸ್ಸಿಗೆ ಬಂದರು. ಸ್ಟೋ ಇದ್ದ ಚೀಲ ನನ್ನ ಗಾಡಿಯಲ್ಲೇ ಉಳಿಯಿತು; ಅವರು ಕೇಳಲಿಲ್ಲ, ನಾನು ಕೊಡಲಿಲ್ಲ. ಸೋಮವಾರ ದಾಟಿತು. ಆಕೆ ಹುನಗುಂದದಲ್ಲೇ ಬಿ.ಎ. ಸೇರಿದಳು.

ನಾನು ಸುಮ್ಮನಿರಲಿಲ್ಲ. ಕಟ್ಟೆಯ ಮೇಲೆ ಕೂತು ಈ ಕಥೆಯನ್ನು ಅಭಿನಯ ಮಾಡಿ ಹೇಳಿದೆ: ಗಡಿಯಾರ ಬಿಚ್ಚಿಡುವುದು, ಕಾಳು ಒತ್ತುವುದು, ತಲೆ ಅಲ್ಲಾಡಿಸುವುದು. ಓಣಿಗೆ ಓಣಿಯೇ ನಕ್ಕಿತು. ಆಮೇಲೆ ಯಾರು ಯಾವುದಕ್ಕೆ ಹಿಂದೆ ಮುಂದೆ ನೋಡಿದರೂ, ಹೆಣ್ಣು ನೋಡಿ ಬಂದು ಬಾಯಿ ಬಿಡದಿದ್ದರೂ, “ಏನ್ಲೇ, ಬ್ಯಾಳಿ ಬೇಯಲಿಲ್ಲೇನು?” ಅನ್ನುವ ಮಾತು ನಿಂತುಬಿಟ್ಟಿತು. ಕಾಕಾ ಎದುರಿಗೆ ಹೋಗುತ್ತಿದ್ದರೂ ಜನ ಅನ್ನುತ್ತಿದ್ದರು. ಅವರು ತಿರುಗಿ ನೋಡುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ತೀರಿಕೊಂಡರು…

ಈಗ ಮೊದಲು ಹೇಳಿದ ಮನೆಗೆ ಬರುತ್ತೇನೆ. ನನ್ನ ಮಗಳಿಗೂ ಅಲ್ಲೇ ಕಾಲೇಜು ಆಗಿದೆ, ಹೆಂಡತಿ ಊರು ಬಿಡೋಣ ಅಂತ ಹಟ ಹಿಡಿದಿದ್ದಾಳೆ. ನಾನು ನೋಡಲು ಹೋದದ್ದು ಅದೇ ಬೇವಿನ ಗಿಡದ ಮನೆ. ಮಾಲಕರು ಅವರೇ, ಕೂದಲು ಬೆಳ್ಳಗಾಗಿದೆ. ಬಚ್ಚಲು ತೋರಿಸಿ ಬಂದು, ನನ್ನ ಮುಖ ನೋಡಿ ನಕ್ಕರು.

“ನೀವ ಅಲ್ಲೇನ್ರಿ, ಆಗ ಟೆಂಪೋ ತಗೊಂಡು ಬಂದಿದ್ದವ್ರು? ನೀವು ಭಾಳ ಶಾಣ್ಯಾ ಬಿಡ್ರಿ. ಸರ್ಕಾರಿ ನೌಕರಿಯವ್ರು ಅಂದ್ರಿ, ಹೆಸರ ಹೇಳಲಿಲ್ಲ. ಬ್ಯಾಳಿ ಕುದಿಯೂದ್ರಾಗ ನಾನ ಕೇಳಿದೆ. ಅವ್ರು ನಿಮಗಿಂತ ಶಾಣ್ಯಾ. ನನ್ನ ಬಾಯಿಂದ ‘ಇಲ್ಲ’ ಬರೂದ್ರಾಗ, ‘ನೀರು ನಮಗ ಹೊಂದಂಗಿಲ್ರಿ’ ಅಂತ ತಾವ ಎದ್ದರು. ಯಾರಿಗೂ ಕೆಟ್ಟನಿಸಲಿಲ್ಲ ನೋಡ್ರಿ.” ಆಮೇಲೆ ಪ್ರೀತಿಯಿಂದ, “ನಿಮಗಾದ್ರ ಅಡ್ಡಿ ಇಲ್ಲ, ಇವತ್ತ ಕೀಲಿ ಒಯ್ರಿ” ಅಂದರು.

ಒಳಗಿನಿಂದ ಅವರ ಮನೆಯ ಬ್ಯಾಳಿಯ ವಾಸನೆ ಇನ್ನೂ ಬರುತ್ತಿತ್ತು. ಚೌಕಾಶಿ ಮಾಡುವವನಿಗೆ ಎದುರಿನವರ ಮುಖ ಓದಲು ಬರಬೇಕು, ಅದೇ ನನ್ನ ಬಂಡವಾಳ ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದವ. ಅವತ್ತು ಮಾಲಕರು ಗಿಡ ನೋಡುತ್ತ ನಿಂತಿದ್ದರು, ಕಾಕಾನ ಮಗಳು ಎರಡನೇ ಮನೆಯಿಂದಲೇ ನೆಲ ನೋಡುತ್ತಿದ್ದಳು. ನಾನು ಕಾಳು ನೆಕ್ಕುತ್ತಿದ್ದೆ. ಕೀಲಿ ಬೇಡ ಅಂದೆ. ಯಾಕೆ ಅಂತ ಕೇಳಿದರು. ನಿಮ್ಮ ನೀರು ಕುಡಿಯಲಾರೆ ಅಂದು ಮೆಟ್ಟಿಲು ಇಳಿದೆ.

ಊರಿಗೆ ಬಂದು ನನ್ನ ಗೋದಾಮಿನಲ್ಲಿ ಆ ಚೀಲ ಹುಡುಕಿದೆ. ಸ್ಟೋಗೆ ಕಿಲುಬು ಹತ್ತಿತ್ತು. ಕಾಕಾನ ಮಗಳು ಈಗ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಔಷಧದ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಗೋಡೆಯ ಮೇಲೆ ಕಟ್ಟು ಹಾಕಿದ ಸರ್ಟಿಫಿಕೇಟು ಇದೆ, ಅಂಗಡಿಯವರದು. ಸ್ಟೋ ಅವಳ ಮುಂದಿಟ್ಟು, ನನಗೆ ಈಗ ಗೊತ್ತಾಯಿತು ಅಂದೆ.

ಆಕೆ ಗಿರಾಕಿಯ ಗುಳಿಗೆ ಕತ್ತರಿಸಿ, ಕಾಗದ ಮಡಚಿ ಕೊಟ್ಟು ಕಳಿಸಿದಳು. ಮಡಚುವ ರೀತಿ ತಂದೆಯದೇ, ನಾಲ್ಕು ಮಡಿಕೆ. “ಎರಡನೇ ಮನಿ ದಿನಾನ ನಮಗ ಗೊತ್ತಾತು, ಅಣ್ಣಾ. ನಿಮಗ ಹೇಳ್ತೇನಿ ಅಂದೆ, ಅಬ್ಬಾ ಬ್ಯಾಡ ಅಂದ್ರು. ‘ಅವ ಸಿಟ್ಟಿನ ಮನುಷ್ಯ, ಅಲ್ಲೆ ಜಗಳಾ ತಗೀತಾನ, ಆಮ್ಯಾಲ ಆ ಓಣ್ಯಾಗ ಅವನ ಗಾಡಿ ಯಾರು ಕರೀತಾರ? ಹೊಟ್ಟಿಪಾಡಿನವ’ ಅಂದ್ರು.”

ಸ್ಟೋ ತೆಗೆದುಕೊಂಡು ಕೌಂಟರಿನ ಕೆಳಗಿಟ್ಟಳು. ಇನ್ನೊಬ್ಬ ಗಿರಾಕಿ ಬಂದ.

ನನಗಿನ್ನೂ ಮನೆ ಸಿಕ್ಕಿಲ್ಲ. ಈಗ ಯಾರಾದರೂ ಸಲಹೆ ಕೇಳಿದರೆ ಗೋಡೆ, ಟಾಕಿ ಎಲ್ಲ ಆಮೇಲೆ ಅನ್ನುತ್ತೇನೆ. ಮೊದಲು ಬಾಗಿಲಲ್ಲೇ ನಿಂತು ಕೇಳಿ: ಈ ಮನೆ ಯಾರಿಗೆ ಕೊಡುವುದಿಲ್ಲ? ನಾನು ನಾಲ್ಕು ಕಡೆ ಕೇಳಿದೆ. ಮೂವರು ನಗುನಗುತ್ತ ಪಟ್ಟಿಯನ್ನೇ ಹೇಳಿದರು, ನಾನು ತಮ್ಮವನೇ ಅನ್ನುವ ಹಾಗೆ. ನಾಲ್ಕನೆಯವರು ಮೊದಲು ನಿಮ್ಮ ಹೆಸರು ಹೇಳಿ ಅಂದರು. ಕಾಲೇಜು ಶುರುವಾಗಿದೆ, ಮಗಳು ಮುಂಜಾನೆಯ ಮೊದಲ ಬಸ್ಸಿಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ, ತಟ್ಟೆಯ ಮುಂದೆ ತೂಕಡಿಸುತ್ತಾಳೆ. ಎಷ್ಟು ದಿನ ಹೀಗೆ ನಡೆದೀತು, ಗೊತ್ತಿಲ್ಲ.

ಹೋದ ರವಿವಾರ ಮತ್ತೆ ಬರಿಗೈಯಲ್ಲಿ ಮನೆಗೆ ಬಂದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. “ಯಾಕ್ರಿ, ಇವತ್ತೂ ಬ್ಯಾಳಿ ಬೇಯಲಿಲ್ಲೇನು?” ಅಂದಳು.

ಓಣಿಗೆ ಆ ಮಾತು ಕಲಿಸಿದವ ನಾನು. ಗೋಡೆಯ ಆಚೆ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದವರು ಈಗ ಇಲ್ಲ…